ಕುಡಿತ ಬಿಟ್ಟವರ ಕೋಣೆ

ಪಾಲಿಶ್ ಮೇಸ್ತ್ರಿಯ ಕೈ ನಡುಗಲು ಶುರುವಾದಾಗ ಅಂಗಡಿಯ ಯಜಮಾನ ಮೊದಮೊದಲು ಏನೂ ಅನ್ನಲಿಲ್ಲ. ಉಪ್ಪುಕಾಗದ ತಿಕ್ಕುವವನ ಕೈ ನಡುಗಿದರೆ ಒಳ್ಳೆಯದೇ ಆಯಿತು, ಕೆಲಸ ತಾನಾಗಿ ನಡೆಯುತ್ತದೆ ಎಂದು ಜೊತೆಯ ಬಡಗಿಗಳು ತಮಾಷೆ ಮಾಡಿಕೊಂಡರು. ಆದರೆ ಪಾಲಿಶಿನ ಕೊನೆಯ ಕೈ ಎಂಬುದೊಂದಿದೆ. ಹತ್ತಿಯ ಉಂಡೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಅರಗು ಕರಗಿಸಿದ ಸ್ಪಿರಿಟಿನಲ್ಲಿ ಅದ್ದಿ, ಮರದ ಮೇಲೆ ಸುತ್ತುಸುತ್ತಾಗಿ ಆಡಿಸಬೇಕು. ನಡುವೆ ನಿಲ್ಲಿಸುವ ಹಾಗಿಲ್ಲ. ಕೈ ಒಂದು ಗಳಿಗೆ ತಡೆದರೂ ಅಲ್ಲಿ ಕಲೆ ಬಿತ್ತು ಅಂತಲೇ ಲೆಕ್ಕ. ಒಂದು ಊಟದ ಮೇಜಿನ ಮೇಲೆ ಅಂಗೈಯಗಲ ಕಲೆ ಬಿತ್ತು, ಗಿರಾಕಿ ಮೇಜನ್ನು ವಾಪಸು ಕಳಿಸಿದ. ಅವತ್ತು ಯಜಮಾನ ಬಾಯಿ ಬಿಟ್ಟ. ಇನ್ನೊಂದು ಸಲ ಹೀಗಾದರೆ ಬೇರೆ ದಾರಿ ನೋಡಿಕೊಳ್ಳಬೇಕಾಗುತ್ತದೆ ಎಂದು ಮೆತ್ತಗೇ ಹೇಳಿದ. ಮೆತ್ತಗೆ ಹೇಳಿದ್ದರಿಂದಲೇ ಮೇಸ್ತ್ರಿಗೆ ಹೆದರಿಕೆಯಾಯಿತು.

ಈ ಕಸುಬಿನ ಕರ್ಮ ನೋಡಿ. ಬೇರೆಯವರಿಗೆ ಕುಡಿಯಬೇಕೆಂದರೆ ಎದ್ದು ಅಂಗಡಿಗೆ ಹೋಗಬೇಕು. ಇವನಿಗೆ ಬೆಳಗಿನಿಂದ ಸಂಜೆಯವರೆಗೆ ಮೂಗಿನ ಕೆಳಗೇ ಡಬ್ಬ. ಸಂಜೆ ಅಂಗಡಿಯಿಂದ ಹೊರಬೀಳುವ ಹೊತ್ತಿಗೆ ವಾಸನೆಯಲ್ಲೇ ಅರ್ಧ ಏರಿರುತ್ತಿತ್ತು, ಉಳಿದರ್ಧಕ್ಕೆ ಕಾಲು ತಾನೇ ಗಡಂಗಿನ ಕಡೆ ತಿರುಗುತ್ತಿತ್ತು. ಜೇಬು ಖಾಲಿಯಿದ್ದ ಒಂದು ದಿನ ಅವನು ಆ ಸ್ಪಿರಿಟಿಗೇ ನೀರು ಬೆರೆಸಿ ಕುಡಿದ. ವಿಷ ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಡಬ್ಬದ ಮೇಲೆ ತಲೆಬುರುಡೆಯ ಚಿತ್ರವೇ ಇತ್ತು. ಆಯಸ್ಸು ಗಟ್ಟಿಯಿತ್ತು, ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡು, ನಾಲ್ಕು ದಿನ ಹಾಸಿಗೆ ಹಿಡಿದು ಎದ್ದ. ಎದ್ದವನಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಆಮೇಲೂ ಇನ್ನೆರಡು ಸಲ ಕುಡಿದ.

ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಮಕ್ಕಳಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಎರಡು ಸಲ ಜಗಳವಾಡಿಕೊಂಡು ಅಕ್ಕನ ಮನೆಗೆ ಹೋಗಿದ್ದಳು, ಎರಡು ಸಲವೂ ಇವನು ಹೋಗಿ ಕಾಲು ಹಿಡಿದು ಕರೆತಂದಿದ್ದ. ಮೂರನೆಯ ಸಲ ಅವಳು ಹೋಗಲಿಲ್ಲ. ಇವನ ಬಟ್ಟೆಗಳನ್ನೇ ಮಡಿಸಿ, ಇಸ್ತ್ರಿ ಹಾಕಿ, ಒಂದು ಚೀಲದಲ್ಲಿ ತುಂಬಿ ಬಾಗಿಲ ಹತ್ತಿರ ಇಟ್ಟಳು.

"ಎರಡು ಮಾತು ಹೇಳ್ತೀನಿ, ಕೇಳಿಸ್ಕೊಳ್ಳಿ," ಅಂದಳು. "ಆ ಸ್ಪಿರಿಟ್ ಡಬ್ಬ ಈ ಹೊಸ್ತಿಲು ದಾಟಿ ಒಳಗೆ ಬರಬಾರದು, ಅದರ ವಾಸನೆಗೇ ನಿಮಗೆ ಕುಡಿಯೋ ಆಸೆ ಹುಟ್ಟುತ್ತೆ. ಎರಡನೇದು, ಛಾಪಖಾನೆ ಮೇಲೆ ಒಂದು ಕೋಣೆ ಇದೆಯಂತೆ, ಕುಡಿತ ಬಿಡೋರು ಸೇರ್ತಾರಂತೆ. ನಮ್ಮ ನರ್ಸಮ್ಮ ಹೇಳಿದ್ರು. ಮಂಗಳವಾರ, ಶುಕ್ರವಾರ. ಅಲ್ಲಿಗೆ ಹೋಗ್ಬೇಕು. ಹೋಗೋದು ನಿಲ್ಲಿಸಿದ ದಿನ ನಾನು ಬಾಗಿಲು ತೆಗೆಯಲ್ಲ. ಅಳಲ್ಲ, ಕೂಗಾಡಲ್ಲ. ತೆಗೆಯಲ್ಲ, ಅಷ್ಟೇ."

ಅವಳು ಕೂಗಾಡಿದ್ದರೆ ಇವನು ಎಂದಿನಂತೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಮಡಿಸಿಟ್ಟ ಬಟ್ಟೆಯನ್ನು ಹಾಗೆ ಬಿಡಲಾಗಲಿಲ್ಲ.

ಮಂಗಳವಾರ ಹೋದ. ಹೋದವನು ಸೀದಾ ಹೋದನೇ? ಛಾಪಖಾನೆಯ ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಎರಡು ಬಾಗಿಲು. ಬೋರ್ಡಿಲ್ಲ, ಗೀರ್ಡಿಲ್ಲ. ಕುಡಿತ ಬಿಡುವವರು ಬೋರ್ಡು ಹಾಕಿಕೊಂಡು ಕೂರುತ್ತಾರೆಯೇ? ಕೇಳಲು ನಾಚಿಕೆಯಾಗಿ ಮೊದಲ ಬಾಗಿಲಲ್ಲಿ ನುಗ್ಗಿದ. ಏಳೆಂಟು ಜನ ಬೆನ್ನು ಬಗ್ಗಿಸಿಕೊಂಡು ಕೂತಿದ್ದರು, ಯಾರೂ ತಲೆಯೆತ್ತಲಿಲ್ಲ. ಇದೇ ಇರಬೇಕು, ಪಾಪ, ಎಲ್ಲರೂ ನನ್ನ ಹಾಗೇ ಮುಖ ಮುಚ್ಚಿಕೊಂಡಿದ್ದಾರೆ ಅಂದುಕೊಂಡ. ಕುಳ್ಳಗಿನ ಮಾಸ್ತರೊಬ್ಬರು ಬಂದು ಅವನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಅದು ಟೈಪಿಂಗ್ ಕ್ಲಾಸು. ಮೇಸ್ತ್ರಿ ನಡುಗುವ ಬೆರಳುಗಳನ್ನು ಯಂತ್ರದ ಮೇಲಿಟ್ಟದ್ದೇ ತಡ, ಒತ್ತುವ ಮೊದಲೇ ಅದು ಟಕಟಕ ಹೊಡೆದುಕೊಳ್ಳತೊಡಗಿತು. ಮಾಸ್ತರು ಒಂದು ನಿಮಿಷ ಆ ಕೈಯನ್ನೇ ನೋಡಿದರು. ಆಮೇಲೆ ಬೆನ್ನ ಮೇಲೆ ಕೈಯಿಟ್ಟು, ನಿಮ್ಮದು ಪಕ್ಕದ ಬಾಗಿಲು ಎಂದು ಕಿವಿಯಲ್ಲಿ ಹೇಳಿದರು. ಇವನಂಥವರು ಹಿಂದೆಯೂ ಎಷ್ಟೋ ಜನ ದಾರಿ ತಪ್ಪಿ ಬಂದಿದ್ದರಂತೆ.

ಪಕ್ಕದ ಬಾಗಿಲಲ್ಲಿ ಸಿಕ್ಕಿದವರೇ ಕಂಡಕ್ಟರಣ್ಣ. ಬಸ್ಸಿನಲ್ಲಿ ಟಿಕೆಟು ಹರಿದು ನಿವೃತ್ತರಾದ ಮನುಷ್ಯ. ವಯಸ್ಸು ಅರವತ್ತರ ಮೇಲೆ, ಉದ್ದ ದೇಹ, ಈಗಲೂ ಓಡುವ ಬಸ್ಸಿನ ಕಂಬಿ ಹಿಡಿದುಕೊಂಡವರ ಹಾಗೆ ಕಾಲಗಲಿಸಿ ನಿಲ್ಲುವ ಅಭ್ಯಾಸ. ಅವರು ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕೋಣೆಯ ಬೀಗದ ಕೈ ಅವರ ಹತ್ತಿರ. ಬಾಗಿಲಲ್ಲೇ ನಿಂತುಬಿಟ್ಟ ಮೇಸ್ತ್ರಿಯನ್ನು ನೋಡಿ, ಬಾಗಿಲ ಹತ್ರ ಗುಂಪು ಮಾಡ್ಬೇಡಿ, ಒಳಗೆ ಬನ್ನಿ, ಸೀಟಿದೆ ಅಂದರು. ಗುಂಪೆಂದರೆ ಇವನೊಬ್ಬನೇ. ಒಳಗಿದ್ದವರು ನಕ್ಕರು, ಇವನಿಗೂ ನಗು ಬಂತು.

ಒಳಗೆ ಐದಾರು ಬೆಂಚು, ಒಂದು ಉದ್ದನೆಯ ಮೇಜು, ಗೋಡೆಗೊಂದು ಅಲಮಾರು. ಕೆಳಗೆ ಛಾಪಖಾನೆಯ ಯಂತ್ರ ಓಡುತ್ತಿದ್ದರೆ ನೆಲವೇ ಗುಡುಗುಡು ಅನ್ನುತ್ತಿತ್ತು. ಒಬ್ಬ ಲಾರಿ ಡ್ರೈವರು, ಒಬ್ಬ ಬ್ರೆಡ್ಡು ಸುಡುವವನು, ಎಲ್ಲರೂ ಮೇಡಂ ಎನ್ನುವ ಒಬ್ಬ ಸ್ಕೂಲ್ ಟೀಚರು, ಇನ್ನೂ ಮೂರ್ನಾಲ್ಕು ಜನ. ಸುತ್ತಲೂ ಕೂತು ಒಬ್ಬೊಬ್ಬರಾಗಿ ತಂತಮ್ಮ ಕಥೆ ಹೇಳುತ್ತಿದ್ದರು. ಬೇಡವಾದರೆ ಸುಮ್ಮನಿರಬಹುದಿತ್ತು. ಮೇಸ್ತ್ರಿ ಎಷ್ಟೋ ವಾರ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ಕಂಡಕ್ಟರಣ್ಣ ಅವನ ಜೊತೆ ಅವನ ಬೀದಿಯವರೆಗೂ ನಡೆದು ಬರುತ್ತಿದ್ದರು. ದಾರಿಯಲ್ಲಿ ಗಡಂಗು ಬಂದಾಗ ಆ ಪಕ್ಕಕ್ಕೆ ತಾವು ಸರಿದು, ಇವನನ್ನು ಈ ಪಕ್ಕಕ್ಕೆ ಹಾಕಿಕೊಳ್ಳುತ್ತಿದ್ದರು. ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಒಂದು ದಿನ ಕೆಲಸದ ನಡುವೆ ಮೇಸ್ತ್ರಿಗೆ ತಡೆಯಲಾರದಷ್ಟು ಆಸೆಯಾಯಿತು. ಕೈ ಡಬ್ಬದ ಮುಚ್ಚಳದ ಮೇಲೇ ಇತ್ತು. ಫೋನು ಮಾಡಿದ. ಕಂಡಕ್ಟರಣ್ಣ ಎರಡು ಬಸ್ಸು ಬದಲಿಸಿ ಬಂದು, ಅಂಗಡಿಯ ಮೂಲೆಯಲ್ಲಿ ಒಂದು ಹಲಗೆಯ ಮೇಲೆ ಸಂಜೆವರೆಗೂ ಕೂತರು. ಯಜಮಾನ ಯಾರೆಂದು ಕೇಳಿದ್ದಕ್ಕೆ ಸಂಬಂಧಿಕ ಅಂದರು. ಅವತ್ತು ಅವರು ಮೂಗಿಗೆ ಟವಲು ಹಿಡಿದೇ ಕೂತಿದ್ದರು. ಮರದ ಪುಡಿಗೆ ಅಂತ ಮೇಸ್ತ್ರಿ ತಿಳಿದ.

ಮುಂದಿನ ಶುಕ್ರವಾರ ಅವನು ಕೋಣೆಯಲ್ಲಿ ಬಾಯಿ ಬಿಟ್ಟ. ಸ್ಪಿರಿಟಿಗೆ ನೀರು ಬೆರೆಸಿ ಕುಡಿದದ್ದನ್ನು ಹೇಳಿದ. ಹೆಂಡತಿಗೂ ಹೇಳಿರದ ಮಾತದು. ಹೇಳುತ್ತ ಹೇಳುತ್ತ ಕೂಸಿನ ಹಾಗೆ ಅತ್ತ. ಯಾರೂ ಛೀ ಅನ್ನಲಿಲ್ಲ. ಕಂಡಕ್ಟರಣ್ಣ ಮಾತ್ರ ಒಂದು ಪ್ರಶ್ನೆ ಕೇಳಿದರು. ಏನೂ ಆಗ್ಲಿಲ್ವಾ ನಿಂಗೆ? ವಾಂತಿ ಆಯ್ತು, ಅಷ್ಟೇ, ಬದುಕಿಕೊಂಡೆ ಅಂದ ಮೇಸ್ತ್ರಿ.

ಅಲ್ಲಿಂದ ಮುಂದೆ ಅವನ ಕೈ ಹಿಡಿತಕ್ಕೆ ಬಂತು. ಯಜಮಾನ ಕೊನೆಯ ಕೈ ಮತ್ತೆ ಇವನಿಗೇ ಬಿಟ್ಟ. ಬಟ್ಟೆಯ ಚೀಲ ಬಾಗಿಲ ಹತ್ತಿರದಿಂದ ಕಪಾಟಿಗೆ ಹೋಯಿತು. ಹೆಂಡತಿ ಅವನ ತಟ್ಟೆಗೆ ಬಡಿಸುವಾಗ ಮುಖ ನೋಡಿ ಬಡಿಸುವಷ್ಟು ಮೆತ್ತಗಾದಳು. ಇಷ್ಟೆಲ್ಲ ಆದಮೇಲೆ ಒಬ್ಬ ಪಾಲಿಶಿನವನು ಋಣ ತೀರಿಸುವುದು ಹೇಗೆ? ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಆ ಕೋಣೆಯ ಬೆಂಚು, ಮೇಜುಗಳಿಗೆ ಬಣ್ಣ ಹೋಗಿ ಎಷ್ಟು ವರ್ಷವಾಗಿತ್ತೋ. ನಾನು ಪಾಲಿಶ್ ಮಾಡಿಕೊಡುತ್ತೇನೆ ಎಂದ. ಮೇಡಂ ಬಹಳ ಖುಷಿಪಟ್ಟರು. ಕಂಡಕ್ಟರಣ್ಣ ಬೇಡ ಕಣಯ್ಯ, ಹಾಗೇ ಇರ್ಲಿ, ಕೂತರೆ ಸಾಕಲ್ಲ ಅಂದರು. ಎಲ್ಲರೂ ಅದನ್ನು ಸಂಕೋಚ ಎಂದುಕೊಂಡರು. ಸಂಕೋಚವಂತೆ! ಅಷ್ಟು ಜನ ಕುಡುಕರು ಕೂತಿದ್ದ ಆ ಕೋಣೆಯಲ್ಲಿ ಒಬ್ಬರಿಗಾದರೂ ಅದು ಸ್ಪಿರಿಟಿನ ಹೆದರಿಕೆ ಎಂದು ಹೊಳೆಯಬಾರದಿತ್ತೇ?

ಭಾನುವಾರ ಕಂಡಕ್ಟರಣ್ಣ ಬಂದು ಬೀಗ ತೆಗೆದು, ತಾವು ಹೊರಗೆ ಮೆಟ್ಟಿಲ ಮೇಲೆ ಕೂತರು. ಕಿಟಕಿಗಳೆಲ್ಲ ತೆರೆದಿದ್ದರೂ ಸ್ಪಿರಿಟಿನ ಘಾಟು ಮೆಟ್ಟಿಲವರೆಗೂ ಹೋಗುತ್ತಿತ್ತು. ಬೇಗ ಮುಗಿಸು, ತಲೆಗೆ ಹೊಡೀತಿದೆ ಎಂದು ಅವರು ಎರಡು ಮೂರು ಸಲ ಕೂಗಿದರು. ಒಂದು ಸಲ ಟೀ ಕೊಡಲು ಒಳಗೆ ಬಂದವರು ಡಬ್ಬದ ಹತ್ತಿರ ಸ್ವಲ್ಪ ಹೊತ್ತು ನಿಂತರು. ಮೇಸ್ತ್ರಿ ಬೆನ್ನು ಬಗ್ಗಿಸಿ ಕೈಯಾಡಿಸುತ್ತಿದ್ದ, ಅವರ ಮುಖ ನೋಡಲಿಲ್ಲ. ನೋಡಬೇಕಿತ್ತು. ಅವನು ಮರದ ಹೊಳಪು ನೋಡುತ್ತಿದ್ದ.

ಸಂಜೆಯ ಹೊತ್ತಿಗೆ ಎಲ್ಲ ಮುಗಿದು ಕೊನೆಯ ಕೈ ಒಂದು ಉಳಿಯಿತು. ಒಣಗಲು ಬಿಟ್ಟು ಮಂಗಳವಾರ ಹಾಕಬೇಕು. ಈಗ ಈ ಡಬ್ಬ ಎಲ್ಲಿಡುವುದು? ಅಂಗಡಿ ಭಾನುವಾರ ರಜಾ. ಮನೆಗೆ ಒಯ್ಯುವ ಹಾಗಿಲ್ಲ, ಹೆಂಡತಿಗೆ ಕೊಟ್ಟ ಮಾತು. ಮೇಸ್ತ್ರಿ ಅಲಮಾರಿನ ಕಡೆ ನೋಡಿದ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ಜೋರಾಗಿ ನಕ್ಕುಬಿಟ್ಟ.

"ಅಣ್ಣಾ, ಊರೆಲ್ಲ ಹುಡುಕಿದ್ರೂ ಇದಕ್ಕಿಂತ ಭದ್ರವಾದ ಜಾಗ ಸಿಗಲ್ಲ," ಅಂದ. "ಇಲ್ಲಿ ಕುಡಿಯೋರೇ ಇಲ್ವಲ್ಲ."

ಡಬ್ಬ ಒಳಗಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಕಂಡಕ್ಟರಣ್ಣನ ಅಂಗೈಯಲ್ಲಿಟ್ಟ. ಅವರೂ ನಕ್ಕರು. ಸ್ವಲ್ಪ ತಡವಾಗಿ ನಕ್ಕರು.

ಮಂಗಳವಾರ ಮೇಸ್ತ್ರಿ ಕೊನೆಯ ಕೈ ಹಾಕಲೆಂದು ಕೆಲಸದಿಂದ ಬೇಗ ಹೊರಟ. ಇನ್ನೂ ಬಿಸಿಲಿತ್ತು. ಕೋಣೆಯ ಬಾಗಿಲಿಗೆ ಬೀಗವಿರಲಿಲ್ಲ, ಬರೀ ಮುಂದೆ ಮಾಡಿತ್ತು. ಒಳಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಸೀದಾ ಬೆಂಚುಗಳ ಮೇಲೆ ಬಿದ್ದು ಕಣ್ಣು ಕೋರೈಸುವಂತಿತ್ತು. ಅಂಥ ಒಂದು ಬೆಂಚಿನ ಮೇಲೆ ಕಂಡಕ್ಟರಣ್ಣ ಎರಡೂ ಕೈ ಊರಿ ಕೂತಿದ್ದರು. ಅಂಗಿಯ ಮೇಲೆಲ್ಲ ವಾಂತಿ. ಬಾಗಿಲಿನ ಸದ್ದಿಗೆ ಮುಖವೆತ್ತಿದರು.

"ಯಾರದು? ಲೈಟ್ ಹಾಕಪ್ಪ. ಎಷ್ಟೊತ್ತಿಂದ ಕತ್ತಲಲ್ಲಿ ಕೂತಿದೀನಿ."

ಮೇಸ್ತ್ರಿ ಒಳಗೆ ಓಡಿದ. ಅಲಮಾರು ತೆರೆದಿತ್ತು. ಡಬ್ಬ ಎತ್ತಿ ನೋಡಿದ, ಹಗುರವಾಗಿತ್ತು. ಹಿಂದಿನ ದಿನವೇ ಕುಡಿದಿದ್ದರು, ಎಲ್ಲ ಸರಿಯಾಗಿದೆ ಅಂದುಕೊಂಡು ರಾತ್ರಿ ಮನೆಗೂ ಹೋಗಿ ಮಲಗಿದ್ದರು. ಬೆಳಿಗ್ಗೆ ಕಣ್ಣು ಮಂಜಾದದ್ದನ್ನು ಮನೆಯಲ್ಲಿದ್ದ ತಂಗಿಗೆ ಹೇಳಲು ಹೆದರಿ, ಗೋಡೆ ಹಿಡಿದು ಹಿಡಿದು ಮತ್ತೆ ಇಲ್ಲಿಗೇ ಬಂದಿದ್ದರು. ಇದೆಲ್ಲ ಆಮೇಲೆ ತಿಳಿದದ್ದು.

ಆಸ್ಪತ್ರೆಯಲ್ಲಿ ಜೀವ ಉಳಿಸಿದರು, ಕಣ್ಣು ಉಳಿಸಲಾಗಲಿಲ್ಲ. ಸ್ಪಿರಿಟಿನಲ್ಲೂ ಒಂದೊಂದು ಸರಕು ಒಂದೊಂದು ಥರ, ಈ ಸರಕು ನರವನ್ನೇ ಸುಟ್ಟಿದೆ, ಇನ್ನು ಬೆಳಕು ಬರುವುದಿಲ್ಲ ಎಂದರು ಡಾಕ್ಟರು. ಕಂಡಕ್ಟರಣ್ಣನ ತಂಗಿ ಅಲ್ಲೇ ನಿಂತಿದ್ದಳು. ಮದುವೆಯಾಗದೆ ಉಳಿದು, ಅಣ್ಣನ ಕುಡಿತದ ಕಾಲದಲ್ಲೂ ಬಿಟ್ಟ ಕಾಲದಲ್ಲೂ ಅವರಿಗೆ ಅನ್ನ ಹಾಕಿದವಳು. ಅವಳು ಮೇಸ್ತ್ರಿಯ ಕಡೆ ತಿರುಗಿ ಒಂದೇ ಮಾತು ಹೇಳಿದಳು.

"ಹನ್ನೊಂದು ವರ್ಷ ನಮ್ಮ ಮನೇಲಿ ಗಾಯ ಆದ್ರೂ ಸ್ಪಿರಿಟ್ ತರಿಸಿಲ್ಲಪ್ಪ ನಾನು. ನೀನು ಡಬ್ಬಾನೇ ತಂದಿಟ್ಟೆ."

 ಭೂಮಿ ಬಾಯ್ಬಿಟ್ಟರೆ ಇಳಿದುಬಿಡುತ್ತಿದ್ದ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಕುಡಿದು ಬದುಕಿಕೊಂಡೆ ಎಂದು ಆ ಕೋಣೆಯಲ್ಲಿ ಹೇಳಿದವನೇ ತಾನು ಎಂಬುದನ್ನೂ ಹೇಳಿದ. ಅವಳು, ಹೊಸ್ತಿಲು ದಾಟಬಾರದು ಅಂದವಳು ನಾನಲ್ವಾ, ಮನೆಗೇ ತಂದಿದ್ರೆ ಇದಾಗ್ತಿರ್ಲಿಲ್ಲ ಅಂತ ತನ್ನನ್ನೇ ಬೈದುಕೊಂಡಳು. ಮನೆಗೆ ತಂದಿದ್ದರೆ ಕುರುಡಾಗುತ್ತಿದ್ದವನು ಅವಳ ಗಂಡನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಆಡಲಿಲ್ಲ. ಆದರೆ ಕೊನೆಗೆ ಅವಳು ತನ್ನ ಎರಡನೆಯ ಮಾತಿನಿಂದ ಹಿಂದೆ ಸರಿಯಲಿಲ್ಲ. ಏನೇ ಆಗಿರಲಿ, ಶುಕ್ರವಾರ ಆ ಕೋಣೆಗೆ ಹೋಗಲೇಬೇಕು ಎಂದಳು.

ಶುಕ್ರವಾರ ಅವನು ಹೋಗಲಿಲ್ಲ. ಆ ಬೆಂಚುಗಳ ಮೇಲೆ ಯಾವ ಮುಖ ಹೊತ್ತು ಕೂರುವುದು? ಲಾರಿ ಡ್ರೈವರು, ಅವನು ಕಣ್ಣಿಗೆ ಬಿದ್ದರೆ ಕೈಕಾಲು ಮುರೀತೀನಿ ಅಂದಿದ್ದಾನೆಂದು ಸುದ್ದಿಯಿತ್ತು. ಮೇಸ್ತ್ರಿ ಮೀಟಿಂಗಿನ ಹೊತ್ತಿಗೆ ಆಸ್ಪತ್ರೆಗೆ ಹೋಗಿ ಕಂಡಕ್ಟರಣ್ಣನ ಮಂಚದ ಪಕ್ಕ ಕೂತ. ಹೆಂಡತಿಗೆ ಕೋಣೆಗೆ ಹೋಗಿದ್ದೆ ಅಂದ. ಕುಡಿತ ಬಿಟ್ಟ ಮೇಲೆ ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಆ ದಿನದಿಂದಲೇ ಬಾಯಿ ಒಣಗಲು ಶುರುವಾಯಿತು. ಸಂಜೆಯಾದರೆ ಕಾಲು ಮತ್ತೆ ಗಡಂಗಿನ ಕಡೆ ಎಳೆಯತೊಡಗಿತು. ಪಕ್ಕದಲ್ಲಿ ನಡೆಯುವವರಿರಲಿಲ್ಲ. ಇನ್ನೊಂದು ವಾರ ಹೀಗೇ ಹೋದರೆ ತಾನು ಕುಡಿಯುತ್ತೇನೆ ಎಂಬುದು ಅವನಿಗೆ ಹಸಿವು ಬಾಯಾರಿಕೆಯಷ್ಟು ಸ್ಪಷ್ಟವಾಗಿ ಗೊತ್ತಾಗಿಹೋಯಿತು.

ಮಂಗಳವಾರ ಮತ್ತೆ ಆಸ್ಪತ್ರೆಗೆ ಹೋದ. ಕಂಡಕ್ಟರಣ್ಣ ಗೋಡೆಗೊರಗಿ ಕೂತಿದ್ದರು. ತಂಗಿ ಇವನನ್ನು ಕಂಡು ಮುಖ ತಿರುಗಿಸಿ, ಫ್ಲಾಸ್ಕು ತೆಗೆದುಕೊಂಡು ಹೊರಗೆ ಹೋದಳು. ಮೇಸ್ತ್ರಿ ಕೊನೆಗೂ ಬಾಯಿ ಬಿಟ್ಟು, ನನ್ನಿಂದಲೇ ಆಯಿತು ಅಣ್ಣಾ ಎಂದು ಅವರ ಕಾಲು ಹಿಡಿದುಕೊಂಡ. ಕಂಡಕ್ಟರಣ್ಣ ಬೇಸರದಿಂದ ಕಾಲು ಎಳೆದುಕೊಂಡರು. ಯಾರೂ ನನ್ನ ಬಾಯಿಗೆ ಸುರೀಲಿಲ್ಲ, ನಾನೇ ಬೀಗ ತೆಗೆದೆ, ನೀನು ಕುಡಿದು ಬದುಕಿದೀಯಲ್ಲ, ನಂಗೇನಾಗುತ್ತೆ ಅಂದ್ಕೊಂಡೆ, ಅಂದರು. ಸಿಟ್ಟಿನಿಂದ ಹೇಳಲಿಲ್ಲ. ನಡೆದದ್ದು ಅದೇ ಆಗಿತ್ತು.

ಆಮೇಲೆ ಗಾಳಿಯಲ್ಲಿ ಕೈಯಾಡಿಸಿ ಮೇಸ್ತ್ರಿಯ ತೋಳು ಹುಡುಕಿ ಹಿಡಿದರು. ದನಿ ತಗ್ಗಿಸಿದರು.

"ಅವಳು ಹೋದ್ಲಾ?"

"ಹೋದ್ರು ಅಣ್ಣ."

"ನಾಳೆ ಬರುವಾಗ ಸ್ವಲ್ಪ ತರ್ತೀಯಾ? ಬ್ರಾಂದಿ ಅಂಗಡೀದು, ಒಳ್ಳೇದು. ಜಾಸ್ತಿ ಬೇಡ. ಇನ್ನು ಬಿಟ್ಟು ಏನಾಗ್ಬೇಕಿದೆ ನಂಗೆ, ನೀನೇ ಹೇಳು."

ಮೇಸ್ತ್ರಿಯ ಬಾಯಲ್ಲಿ ನೀರೂರಿತು. ಹೌದು, ಅಂಥ ಹೊತ್ತಿನಲ್ಲಿ, ಆ ಮನುಷ್ಯನ ಎದುರಿಗೆ, ಬಾಯಲ್ಲಿ ನೀರೂರಿತು. ಈ ಮನುಷ್ಯ ಏನು ಕೇಳಿದರೂ ಇಲ್ಲವೆನ್ನುವ ಮುಖ ತನಗಿಲ್ಲ ಅನ್ನಿಸಿತು. ಕೇಳಿದ್ದು ಇದೇ ಆಯಿತಲ್ಲ ಎಂದು ಒಳಗೊಳಗೇ ಸಂತೋಷವೂ ಆಯಿತು. ಮನಸ್ಸಿನಲ್ಲಿ ಅವನು ಆಗಲೇ ಗಡಂಗಿಗೆ ಹೋಗಿಯಾಗಿತ್ತು. ಕೊಂಡದ್ದು ಒಂದು ಬಾಟಲಿಯಲ್ಲ, ಎರಡು. ತನ್ನನ್ನು ನೋಡಿ ತನಗೇ ಹೇಸಿಗೆಯಾಯಿತು.

"ತರ್ತೀನಿ ಅಣ್ಣ," ಅಂದ. "ನೀವು ಕೇಳಿದ್ಮೇಲೆ ನಾನು ಇಲ್ಲ ಅನ್ನಲ್ಲ. ಆದ್ರೆ ತಂದ್ರೆ ನಾನೂ ಕುಡೀತೀನಿ."

 ಕಂಡಕ್ಟರಣ್ಣನ ತೋಳು ಹಿಡಿದ ಬೆರಳು ಬಿಗಿಯಾದವು, ನೋಯುವಷ್ಟು ಬಿಗಿಯಾದವು. ಪಕ್ಕದ ಮಂಚದವನು ಕೆಮ್ಮಿ ಕೆಮ್ಮಿ ಸುಮ್ಮನಾದ. ಆಮೇಲೆ ಅವರು ತೋಳು ಬಿಟ್ಟರು.

"ಹಾಗಾದ್ರೆ ನೀನು ಬರ್ಬೇಡ."

"ನಾಳೆ ಬೇಡ್ವಾ ಅಣ್ಣ?"

"ನಾಳೆ ಅಲ್ಲ. ಯಾವತ್ತೂ ಬರ್ಬೇಡ. ನೀನು ಬಂದಾಗೆಲ್ಲ ನಾನು ಕೇಳ್ತೀನಿ ಕಣೋ. ಕೇಳದೇ ಇರೋಕೆ ನನ್ನ ಕೈಲಾಗಲ್ಲ. ಒಂದಲ್ಲ ಒಂದಿನ ನೀನು ತರ್ತೀಯ. ಇವತ್ತು ಮಂಗಳವಾರ ಅಲ್ವಾ? ಏಳು, ಕೋಣೆಗೆ ಹೋಗು. ಡ್ರೈವರು ಹೊಡೆದ್ರೆ ಹೊಡೆಸ್ಕೋ," ಅಂದರು.

ಮೇಸ್ತ್ರಿ ಏಳಲಿಲ್ಲ. ಅವರು ಇನ್ನೊಂದು ಸಲ ಹೋಗು ಅಂದರು. ಮೂರನೆಯ ಸಲ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು. ಫ್ಲಾಸ್ಕು ಹಿಡಿದು ಓಡಿಬಂದ ತಂಗಿ, ಅಣ್ಣನಿಗೆ ಇವನ ಮೇಲೆ ಕಡೆಗೂ ಸಿಟ್ಟು ಬಂತೆಂದು ತಿಳಿದು, ತೋಳು ಹಿಡಿದು ಇವನನ್ನು ಹೊರಗೆ ದಬ್ಬಿದಳು. ನಿಜ ಏನೆಂದು ಅವಳಿಗೆ ಇವನು ಹೇಳಲಿಲ್ಲ.

ಮೇಸ್ತ್ರಿ ಕೋಣೆಗೆ ಹೋದ. ಡ್ರೈವರು ಹೊಡೆಯಲಿಲ್ಲ, ಎದ್ದು ಹೋಗಿ ದೂರದ ಬೆಂಚಿನಲ್ಲಿ ಕೂತ. ಮೇಸ್ತ್ರಿ ಮೀಟಿಂಗು ಮುಗಿಯುವವರೆಗೂ ಕೂತು, ಗಡಂಗಿನ ಬೀದಿ ಬಿಟ್ಟು ಸುತ್ತು ಬಳಸಿ ಮನೆಗೆ ಬಂದ. ಹೆಂಡತಿ ಬಾಗಿಲು ತೆಗೆದಳು. ಶುಕ್ರವಾರದ ಸುಳ್ಳನ್ನು ಹೊಸ್ತಿಲಲ್ಲೇ ಒಪ್ಪಿಕೊಂಡ. ಅವಳು ಅವನ ಬಾಯಿಯ ಹತ್ತಿರ ಮೂಗು ತಂದು ನೋಡಿ ಒಳಗೆ ಬಿಟ್ಟಳು. ಕೈ ತೊಳೆದುಕೊಂಡು ಕೂತಾಗ, ನಾಳೆ ಅಣ್ಣನಿಗೆ ಏನಾದರೂ ಮೆತ್ತಗಿನದು ಮಾಡಿಕೊಡುತ್ತೇನೆ, ಒಯ್ಯುತ್ತೀರಾ ಎಂದು ಕೇಳಿದಳು.

"ನೀನೇ ಒಯ್ದು ಕೊಡು," ಅಂದ ಮೇಸ್ತ್ರಿ. "ಅವರು ಬದುಕಿರೋವರೆಗೂ ನಾನು ಅವರ ಮುಂದೆ ಹೋಗೋ ಹಾಗಿಲ್ಲ."